ಹುಳುವಿನ ಒಳಗೆ ದ್ರವ, ಹೊರಗೆ ಬಂದರೆ ನೂಲು: ರೇಷ್ಮೆ ಎಷ್ಟು ಡಿಗ್ರಿಗೆ ಕರಗುತ್ತೆ?

ಪ್ರಶ್ನೆ
ಸೊಪ್ಪಿನ ತೋಟ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ರೇಷ್ಮೆ ಬೆಳೆ: ವಿ-1 ಜಾತಿಯ ಹಿಪ್ಪುನೇರಳೆ ಸೊಪ್ಪು, ಬೈವೋಲ್ಟೀನ್ ಅನ್ನೋ ತಳಿಯ ಹುಳು. ಮಗಳು ಒಂಬತ್ತನೇ ಕ್ಲಾಸು, ಸ್ಕೂಲಲ್ಲಿ ಘನ, ದ್ರವ, ಅನಿಲದ ಪಾಠ ನಡೀತಿದೆ. ಈ ಸಲ ಹಣ್ಣಾದ (ಗೂಡು ಕಟ್ಟೋಕೆ ತಯಾರಾದ) ಹುಳು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟೋ ಬಿದಿರಿನ ತಟ್ಟೆಗೆ) ಬಿಡುವಾಗ ಒಂದು ಹುಳು ಕಾಲಿಗೆ ಸಿಕ್ಕಿ ಒಡೆದುಹೋಯ್ತು. ಒಳಗಿಂದ ಬಂದ ಅಂಟನ್ನು ಅವಳು ಎರಡು ಬೆರಳಲ್ಲಿ ಹಿಡಿದು ಎಳೆದಳು. ಬೆರಳ ನಡುವೆ ಎಳೆ ಬಂತು. ಬಂದ ಎಳೆ ಗಟ್ಟಿ. ಮತ್ತೆ ಉಜ್ಜಿ ಮುದ್ದೆ ಮಾಡೋಕೆ ಹೋದರೆ ಮೆತ್ತಗಾಗಲೇ ಇಲ್ಲ.

"ನೀರು ಗಡ್ಡೆ ಕಟ್ಟೋಕೆ ತಣ್ಣಗಾಗಬೇಕು, ಮೇಣ ಗಟ್ಟಿಯಾಗೋಕೆ ಆರಬೇಕು. ಇದು ಸುಮ್ಮನೆ ಎಳೆದಿದ್ದಕ್ಕೇ ಹೇಗಪ್ಪಾ ಗಟ್ಟಿ ಆಯ್ತು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ರೇಷ್ಮೆಗೆ ಕರಗೋ ಬಿಂದು ಅಂತ ಒಂದಿದೆಯಾ? ರೀಲಿಂಗ್ ಮಾಡೋರು (ಗೂಡಿಂದ ನೂಲು ಬಿಚ್ಚೋರು) ಗೂಡನ್ನ ಕುದಿಯೋ ನೀರಿಗೆ ಹಾಕ್ತಾರಲ್ಲ, ಅಲ್ಲಿ ಕರಗೋದು ಏನು? ರೇಷ್ಮೆಯೇ ಕರಗಿದರೆ ನೂಲು ಎಲ್ಲಿಂದ ಬರುತ್ತೆ? ಇದನ್ನೇ ವಿಜ್ಞಾನ ಪ್ರದರ್ಶನಕ್ಕೆ ಇಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಮನೇಲೇ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ಹೇಳಿ.

ಉತ್ತರ
ಬೇಸಿನ್ ಮುಂದೆ (ಶಿಡ್ಲಘಟ್ಟ, ರೀಲರ್)

ನಿಮ್ಮ ಮಗಳು ಕೇಳಿರೋದು ಬಹಳ ದೊಡ್ಡ ಪ್ರಶ್ನೆ. ನಮ್ಮೂರಲ್ಲಿ ದಿನಾ ಬೆಳಗಾದರೆ ಗೂಡು ಕೊಳ್ಳೋದು, ಬೇಯಿಸೋದು, ಬಿಚ್ಚೋದು ನಡೀತಾನೇ ಇರುತ್ತೆ, ಆದರೂ ಈ ಪ್ರಶ್ನೆ ಕೇಳೋರು ಕಮ್ಮಿ. ನಾನು ಚರಕದಲ್ಲಿ ಶುರು ಮಾಡಿ ಈಗ ಮಲ್ಟಿ-ಎಂಡ್ ಬೇಸಿನ್ (ಬಿಸಿನೀರ ತೊಟ್ಟಿಯಿಂದ ಒಟ್ಟಿಗೆ ಹಲವು ದಾರ ಬಿಚ್ಚೋ ಯಂತ್ರ) ನಡೆಸ್ತಿದ್ದೀನಿ. ಗೊತ್ತಿರೋದನ್ನ ಬಿಡಿಸಿ ಹೇಳ್ತೀನಿ.

ಮೊದಲು ಒಂದು ಮಾತು. ಗೂಡಿನ ಎಳೆ ಒಂದೇ ವಸ್ತು ಅಲ್ಲ. ನಡುವೆ ಫೈಬ್ರಾಯಿನ್ ಅನ್ನೋ ಪ್ರೋಟೀನಿನ ಎರಡು ಎಳೆ ಜೋಡಿಯಾಗಿ ಇರ್ತವೆ. ಅವೆರಡನ್ನೂ ಸುತ್ತಿ ಹಿಡಿದಿರೋದು ಸೆರಿಸಿನ್ ಅನ್ನೋ ಅಂಟು. ಎಳೆಯ ತೂಕದಲ್ಲಿ ಮುಕ್ಕಾಲು ಪಾಲು ಫೈಬ್ರಾಯಿನ್, ಕಾಲು ಪಾಲು ಅಂಟು ಅಂದುಕೊಳ್ಳಿ, ತಳಿ ಮೇಲೆ ಸ್ವಲ್ಪ ಹೆಚ್ಚು ಕಮ್ಮಿ. ಹುಳುವಿನ ಮೈಯೊಳಗೆ ಎರಡು ಉದ್ದನೆ ಗ್ರಂಥಿ ಇವೆ. ಹಿಂದಿನ ಭಾಗದಲ್ಲಿ ಫೈಬ್ರಾಯಿನ್ ಹುಟ್ಟುತ್ತೆ, ನಡುಭಾಗದಲ್ಲಿ ಶೇಖರ ಆಗುತ್ತೆ, ಅಲ್ಲೇ ಅಂಟೂ ಸೇರಿಕೊಳ್ಳುತ್ತೆ. ಬಾಯಿ ಹತ್ತಿರ ಎರಡೂ ನಾಳ ಸೇರಿ ಒಂದಾಗ್ತವೆ. ಎಳೆ ಜೋಡಿಯಾಗಿ ಬರೋದು ಅದಕ್ಕೇ.

ಗ್ರಂಥಿಯಲ್ಲಿರೋವರೆಗೂ ಅದು ದ್ರವವೇ, ಅದರಲ್ಲಿ ಅನುಮಾನ ಬೇಡ. 100 ಭಾಗದಲ್ಲಿ ಸುಮಾರು 70 ಭಾಗಕ್ಕೂ ಹೆಚ್ಚು ನೀರು, ಉಳಿದದ್ದು ಪ್ರೋಟೀನು. ಪ್ರೋಟೀನಿನ ಉದ್ದುದ್ದ ಸರಪಳಿಗಳು ಮುದುರಿಕೊಂಡು ನೀರಲ್ಲಿ ತೇಲ್ತಿರ್ತವೆ. ಹುಳು ಇದನ್ನ ಪಿಚಕಾರಿ ಹೊಡೆದು ಆಚೆ ತಳ್ಳಲ್ಲ. ಚಂದ್ರಿಕೆ ಮುಂದೆ ಕೂತು ನೋಡಿ. ಮೊದಲು ಬಾಯಿಯನ್ನ ಬಿದಿರಿನ ಪಟ್ಟಿಗೆ ತಾಗಿಸುತ್ತೆ, ತುದಿ ಅಲ್ಲಿ ಅಂಟಿಕೊಳ್ಳುತ್ತೆ, ಆಮೇಲೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತೆ. ಮತ್ತೆ ಆ ಕಡೆ ತಾಗಿಸುತ್ತೆ, ಮತ್ತೆ ಎಳೆಯುತ್ತೆ. ಹೀಗೆ ಎಂಟರ ಆಕಾರದಲ್ಲಿ ತಲೆ ಆಡಿಸ್ತಾ ಎರಡು ಮೂರು ದಿನ ಬಿಡದೆ ಮಾಡುತ್ತೆ. ಕೆಲಸ ಎಲ್ಲಾ ಆ ಎಳೆತದ್ದು. ಸಣ್ಣ ನಾಳದಲ್ಲಿ ಎಳೆತಕ್ಕೆ ಸಿಕ್ಕಿದ ಸರಪಳಿಗಳು ಸಿಕ್ಕುಗಟ್ಟಿದ ಕೂದಲು ಬಾಚಣಿಗೆಗೆ ಸಿಕ್ಕ ಹಾಗೆ ಒಂದೇ ದಿಕ್ಕಿಗೆ ನೆಟ್ಟಗಾಗ್ತವೆ. ಪಕ್ಕಪಕ್ಕಕ್ಕೆ ಬಂದ ಮೇಲೆ ಒಂದನ್ನೊಂದು ಬಿಗಿಯಾಗಿ ಹಿಡ್ಕೊಳ್ತವೆ, ನಡುವಿನ ನೀರು ಆಚೆ ಹೋಗುತ್ತೆ. ನಿಮ್ಮ ಮಗಳ ಬೆರಳು ಮಾಡಿದ್ದೂ ಇದನ್ನೇ. ತಣ್ಣಗಾಗೋ ಪ್ರಶ್ನೆಯೇ ಇಲ್ಲಿಲ್ಲ. ಹುಳು ಗೂಡು ಕಟ್ಟೋದು ಮನೆಯೊಳಗಿನ ಸಾಧಾರಣ ಬಿಸುಪಿನಲ್ಲೇ.

ಇದು ಬರೀ ಪುಸ್ತಕದ ಮಾತಲ್ಲ. ನೈಲಾನ್ ಬರೋಕೆ ಮುಂಚೆ ಸ್ಪೇನ್ ದೇಶದ ಮುರ್ಸಿಯಾ ಕಡೆ ಹಣ್ಣಾದ ಹುಳುವನ್ನ ವಿನಿಗರ್‌ನಲ್ಲಿ ನೆನೆಸಿ, ಗ್ರಂಥಿ ತೆಗೆದು, ಎರಡು ಕೈಯಲ್ಲಿ ಹಿಡಿದು ಎಳೆದು ದಪ್ಪ ತಂತಿ ಮಾಡ್ತಿದ್ದರು. ಮೀನು ಗಾಳದ ದಾರಕ್ಕೆ, ಗಾಯ ಹೊಲಿಯೋ ದಾರಕ್ಕೆ ಅದು ದೇಶ ದೇಶಕ್ಕೆ ಹೋಗ್ತಿತ್ತು.

ಇನ್ನು ಕುದಿಯೋ ನೀರಿನ ವಿಷಯ. ಅಲ್ಲಿ ಬಿಡೋದು ಅಂಟು ಮಾತ್ರ, ಅದೂ ಪೂರ್ತಿ ಅಲ್ಲ. ಫೈಬ್ರಾಯಿನ್‌ಗೆ ಬಿಸಿನೀರು ಏನೂ ಮಾಡಲ್ಲ. ಎಳೆಗಳು ಒಂದರ ಮೇಲೊಂದು ಕೂತಿರೋ ಕಡೆ ಅಂಟು ಸಡಿಲ ಆದರೆ ಸಾಕು, ಗೂಡು ಬಿಚ್ಚೋಕೆ ಶುರು. ನಮ್ಮ ಕಸುಬಿನ ಹೆಚ್ಚುಪಾಲು ಹುಷಾರು ಈ ಒಂದು ಜಾಗದಲ್ಲೇ ಇರೋದು. ಬೇಯಿಸಿದ್ದು ಕಮ್ಮಿ ಆದರೆ ಎಳೆ ಬಿಡಲ್ಲ, ಕಡಿಯುತ್ತೆ. ಜಾಸ್ತಿ ಆದರೆ ಪದರ ಪದರವಾಗಿ ಎದ್ದು ಬಂದು ಜುಟ್ಟಿಗೆ, ಅಂದರೆ ವೇಸ್ಟಿಗೆ ಹೋಗುತ್ತೆ, ರೆಂಡಿಟ್ಟಾ (ಒಂದು ಕಿಲೋ ನೂಲಿಗೆ ಬೇಕಾಗೋ ಗೂಡಿನ ತೂಕ) ಏರುತ್ತೆ. ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರ್ ಹತ್ತಿರ ಇರೋದರಿಂದ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಆಮೇಲೆ ಎಷ್ಟು ಸೌದೆ ಹಾಕಿದರೂ ಥರ್ಮಾಮೀಟರ್ ಮೇಲೆ ಹೋಗಲ್ಲ, ನೀರು ಆವಿಯಾಗಿ ಹೋಗುತ್ತೆ ಅಷ್ಟೆ. ಅದಕ್ಕೆ ಇಲ್ಲಿ ಹೊತ್ತಿನ ಲೆಕ್ಕ ಮುಖ್ಯ. ಸಾವಿರ ಅಡಿ ದಾಟಿದ ಬೋರಿನ ಗಡಸು ನೀರಾದರೆ ಇನ್ನೂ ಕಣ್ಣಿಟ್ಟಿರಬೇಕು. ನೀರಲ್ಲಿ ಕ್ಷಾರ ಜಾಸ್ತಿ ಇದ್ದರೆ ಅಂಟು ಬೇಗ ಬಿಡುತ್ತೆ.

ನಿಮ್ಮ ಮಗಳು ಒಂದು ಸಲ ಯಾವುದಾದರೂ ಬೇಸಿನ್ ಹತ್ತಿರ ನಿಂತು ನೋಡಲಿ. ಎಂಟು ಹತ್ತು ಗೂಡಿನ ಎಳೆ ಒಟ್ಟಿಗೆ ಸಣ್ಣ ತೂತಿನಿಂದ ಮೇಲೆ ಬರ್ತವೆ, ಬರುವಾಗ ಒದ್ದೆ. ಮೇಲೆ ದಾರ ತನ್ನ ಮೇಲೇ ಹುರಿ ಸುತ್ತಿಕೊಂಡು ಹೋಗುತ್ತೆ, ಅಲ್ಲಿ ನೀರು ಹಿಂಡಿ ಸಣ್ಣ ಸಣ್ಣ ಹನಿಯಾಗಿ ಸಿಡಿಯೋದು ಬೆಳಕಿಗೆ ಹಿಡಿದರೆ ಕಾಣುತ್ತೆ. ರಾಟೆ ಮುಟ್ಟೋ ಹೊತ್ತಿಗೆ ಅಂಟು ಮತ್ತೆ ಗಟ್ಟಿಯಾಗಿ ಅಷ್ಟೂ ಎಳೆ ಒಂದೇ ದಾರ ಆಗಿರುತ್ತೆ. ಬೇಸಿನ್‌ನಲ್ಲಿ ಮೆತ್ತಗಾದದ್ದೂ ಅದೇ ಅಂಟು, ರಾಟೆ ಮೇಲೆ ಗಟ್ಟಿಯಾದದ್ದೂ ಅದೇ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ತುಂಬಿದಾಗ ಈ ಒಣಗೋದು ನಿಧಾನ ಆಗುತ್ತೆ. ಆಗ ರಾಟೆಯ ಕಡ್ಡಿ ಮೇಲೆ ದಾರ ದಾರ ಅಂಟಿಕೊಂಡು ಗಂಟು ಬೀಳುತ್ತೆ. ಅದಕ್ಕೇ ರಾಟೆ ಹತ್ತಿರ ಶಾಖ ಕೊಡ್ತೀವಿ.

ಕರಗೋ ಬಿಂದುವಿನ ವಿಷಯ ನನಗಿಂತ ಓದಿದೋರು ಹೇಳಲಿ. ರೇಷ್ಮೆ ಕರಗಿದ್ದನ್ನ ನಾನಂತೂ ನೋಡಿಲ್ಲ, ಸುಟ್ಟಿದ್ದನ್ನ ನೋಡಿದ್ದೀನಿ.

ಉತ್ತರ
ಪಿಯು ರಸಾಯನ (ಚಿಂತಾಮಣಿ)

ರೀಲರ್ ಸಾಹೇಬರು ಹೇಳಿದ್ದು ಸರಿಯಾಗಿದೆ. ಕರಗುವ ಬಿಂದುವಿನ ಬಗ್ಗೆ ನಾನು ಸೇರಿಸುತ್ತೇನೆ.

ಮಂಜುಗಡ್ಡೆಗೆ 0 ಡಿಗ್ರಿ ಎಂದು ಖಚಿತವಾಗಿ ಹೇಳಬಹುದು, ಚಿನ್ನಕ್ಕೆ 1064 ಡಿಗ್ರಿ ಎಂದು ಹೇಳಬಹುದು. ರೇಷ್ಮೆಗೆ ಹಾಗೆ ಒಂದು ಅಂಕಿ ಕೊಡಲು ಬರುವುದಿಲ್ಲ. ಸರಪಳಿಗಳ ನಡುವಿನ ಹಿಡಿತ ಎಷ್ಟು ಬಲವಾಗಿದೆಯೆಂದರೆ, ಆ ಹಿಡಿತ ಸಡಿಲಾಗಿ ದ್ರವವಾಗುವ ಮೊದಲೇ ಸರಪಳಿಗಳೇ ತುಂಡಾಗುತ್ತವೆ. ಸುಮಾರು 150 ಡಿಗ್ರಿ ದಾಟಿ ಬಹಳ ಹೊತ್ತು ಇಟ್ಟರೆ ಬಟ್ಟೆ ಹಳದಿಗೆ ತಿರುಗುತ್ತದೆ, 250 ಡಿಗ್ರಿಗಿಂತ ಮೇಲೆ ಹೋದರೆ ಒಡೆದು ಕರಿಯಾಗುತ್ತದೆ. ನೈಲಾನ್ ಹಾಗಲ್ಲ. ನೈಲಾನ್ 6 ಸುಮಾರು 220 ಡಿಗ್ರಿಯಲ್ಲಿ, ನೈಲಾನ್ 6,6 ಸುಮಾರು 265 ಡಿಗ್ರಿಯಲ್ಲಿ ಕರಗುತ್ತದೆ. ಕಾರ್ಖಾನೆಯಲ್ಲಿ ಅದನ್ನು ಕರಗಿಸಿಯೇ ಸಣ್ಣ ತೂತುಗಳ ಮೂಲಕ ಹಾಯಿಸಿ, ತಣಿಸಿ ದಾರ ಮಾಡುತ್ತಾರೆ. ಅಷ್ಟು ಬಿಸಿ ಬೇಕಾದ ಕೆಲಸವನ್ನು ಹುಳು 25 ಡಿಗ್ರಿಯಲ್ಲಿ, ನೀರಿನಲ್ಲಿ ಮುಗಿಸುತ್ತದೆ. ಇದು ನನಗೆ ಇವತ್ತಿಗೂ ಬೆರಗು.

ಸೀರೆಯ ಪಕ್ಕದಿಂದ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡುವ ಹಳೆಯ ಪರೀಕ್ಷೆಯೂ ಇದನ್ನೇ ಆಧರಿಸಿದೆ. ಅಪ್ಪಟ ರೇಷ್ಮೆ ಸುಡುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ಉಂಡೆಗಟ್ಟಿ ಗಟ್ಟಿ ಮಣಿಯಾಗಿ ಉಳಿಯುತ್ತವೆ.

ಮತ್ತೆ ದ್ರವ ಮಾಡಲು ಸಾಧ್ಯವೇ ಇಲ್ಲವೆಂದಲ್ಲ. ಅಂಟು ತೆಗೆದ ರೇಷ್ಮೆಯನ್ನು ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ ಹಾಕಿ 60 ಡಿಗ್ರಿಯಲ್ಲಿ ಇಟ್ಟರೆ, ಉಪ್ಪು ನೀರಿನಲ್ಲಿ ಕರಗುವ ಹಾಗೆ ಅದು ಕರಗುತ್ತದೆ. ಆ ಲವಣದ ಅಯಾನುಗಳು ಸರಪಳಿಗಳ ನಡುವಿನ ಬಂಧಗಳನ್ನು ಬಿಡಿಸುತ್ತವೆ. ಪ್ರಯೋಗಾಲಯಗಳಲ್ಲಿ ಹೀಗೆ ಪಡೆದ ದ್ರಾವಣದಿಂದ ಪೊರೆ, ಸ್ಪಂಜು ಎಲ್ಲಾ ಮಾಡುತ್ತಾರೆ. ಹುಳು ಎಳೆದ ನೂಲಿನ ಗಟ್ಟಿತನವನ್ನು ಮತ್ತೆ ತರುವುದು ಮಾತ್ರ ಬಹಳ ಕಷ್ಟ. ಇದು ಮನೆಯಲ್ಲಿ ಮಾಡುವಂಥ ಪ್ರಯೋಗ ಅಲ್ಲ, ಮಗುವಿಗೆ ವಿಷಯ ತಿಳಿಸಿದರೆ ಸಾಕು.

ಉತ್ತರ
ಮುಳಬಾಗಿಲು ಕಡೆಯವನು

ನಾನೂ ಬೆಳೆಗಾರ. ಇದೇ ವಿಷಯಕ್ಕೆ ಸೇರಿದ್ದು ಅನ್ನಿಸಿ ಕೇಳ್ತಿದ್ದೀನಿ. ಚಳಿಗಾಲದಲ್ಲಿ ಹುಳು ಚಂದ್ರಿಕೆಗೆ ಬಿಟ್ಟ ಮೇಲೆ ಕಿಟಕಿಗೆಲ್ಲ ಪ್ಲಾಸ್ಟಿಕ್ ಶೀಟು ಕಟ್ಟಿ ಬಿಗಿ ಮಾಡ್ತೀವಿ, ಹುಳು ಸೆಟೆದುಕೊಳ್ಳಬಾರದು ಅಂತ. ಗೂಡು ನೋಡೋಕೆ ಬಿಳಿ, ಒತ್ತಿದರೆ ಗಟ್ಟಿ. ಆದರೂ ತಗೊಂಡ ರೀಲರ್ ಎಳೆ ಕಡಿಯುತ್ತೆ ಅಂತಾರೆ, ಮುಂದಿನ ಸಲ ಬೆಲೆ ಕಟ್ಟಲ್ಲ. ಗೂಡು ಗಟ್ಟಿ ಇದ್ದ ಮೇಲೆ ಎಳೆ ಯಾಕೆ ಕಡಿಯಬೇಕು?

ಉತ್ತರ
ಬೇಸಿನ್ ಮುಂದೆ (ಶಿಡ್ಲಘಟ್ಟ, ರೀಲರ್)

ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ಅದೇ ನೀರಿನಲ್ಲಿದೆ. ಎಳೆ ಹೊರಗೆ ಬಂದಾಗ ಅದರ ಜೊತೆ ಬಂದ ನೀರು ಆವಿಯಾಗಿ ಎಲ್ಲಿಗಾದರೂ ಹೋಗಬೇಕಲ್ಲ? ಜೊತೆಗೆ ಗೂಡು ಕಟ್ಟೋಕೆ ಮುಂಚೆ ಹುಳು ಉಚ್ಚೆ ಹೊಯ್ಯುತ್ತೆ. ಒಂದು ಮನೆ ತುಂಬ ಚಂದ್ರಿಕೆ ಅಂದರೆ ಅಷ್ಟೂ ತೇವ ಆ ಕೋಣೆಯ ಗಾಳಿಯಲ್ಲೇ ಸೇರುತ್ತೆ. ಬಾಗಿಲು ಕಿಟಕಿ ಬಿಗಿ ಮಾಡಿದರೆ ಗಾಳಿ ಆವಿಯಿಂದ ತುಂಬಿಹೋಗುತ್ತೆ, ಇನ್ನಷ್ಟು ಹೀರಿಕೊಳ್ಳೋ ಶಕ್ತಿ ಅದಕ್ಕೆ ಇರಲ್ಲ. ಆಗ ಅಂಟು ಹಸಿಯಾಗೇ ಉಳಿದು, ಒಂದು ಪದರದ ಎಳೆ ಇನ್ನೊಂದು ಪದರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ನಿಧಾನವಾಗಿ ಒಣಗಿದ ಅಂಟು ಆಮೇಲೆ ಬಿಸಿನೀರಲ್ಲೂ ಸುಲಭವಾಗಿ ಬಿಡಲ್ಲ. ನೀವು ಬೆರಳಲ್ಲಿ ಒತ್ತಿ ನೋಡಿದ ಗಟ್ಟಿತನದಿಂದ ಇದು ಗೊತ್ತಾಗಲ್ಲ, ಬೇಸಿನ್‌ಗೆ ಬಂದ ಮೇಲೇ ಗೊತ್ತಾಗೋದು. ತಪ್ಪು ಫೈಬ್ರಾಯಿನ್‌ದಲ್ಲ, ಅಂಟು ಒಣಗಿದ ರೀತಿಯದು.

ಚಂದ್ರಿಕೆ ಮನೆಯಲ್ಲಿ 24, 25 ಡಿಗ್ರಿ, ತೇವಾಂಶ 60ರಿಂದ 70 ಶೇಕಡಾ ಇರಲಿ. ಚಳಿ ಅಂದರೆ ಶಾಖ ಕೊಡಿ, ಆದರೆ ಮೇಲ್ಗಡೆ ಗಾಳಿ ಹೋಗೋಕೆ ದಾರಿ ಬಿಟ್ಟೇ ಕೊಡಿ. ಚಂದ್ರಿಕೆ ಕೆಳಗೆ ಹಳೇ ಪೇಪರ್ ಹಾಸಿ, ಒದ್ದೆಯಾದ ಹಾಗೆ ಬದಲಾಯಿಸಿ. ಮೊದಲ ಎರಡು ದಿನ ಇದನ್ನ ನೋಡಿಕೊಂಡರೆ ಸಾಕು, ನಿಮ್ಮ ಗೂಡನ್ನ ರೀಲರ್‌ಗಳು ಹುಡುಕಿಕೊಂಡು ಬರ್ತಾರೆ. ಬೆಳೆಗಾರ ತಿಂಗಳಿಡೀ ಸೊಪ್ಪು ಹಾಕಿ, ನಾಲ್ಕು ಜ್ವರ (ಹುಳು ಪೊರೆ ಬಿಡೋ ಹೊತ್ತು) ಎಬ್ಬಿಸಿ, ಕೊನೆ ಎರಡು ದಿನದ ಗಾಳಿಗೆ ದುಡ್ಡು ಕಳ್ಕೊಳ್ಳೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಈಗ ಹುಡುಗಿಯ ಪ್ರಯೋಗ. ಚಿಟ್ಟೆ ಹೊರಟ ಗೂಡು ಅಥವಾ ಕತ್ತರಿಸಿ ಪ್ಯೂಪಾ ತೆಗೆದ ಗೂಡು ಒಂದು ಹಿಡಿ ತಗೊಳ್ಳಿ. ಚೆನ್ನಾಗಿ ಒಣಗಿಸಿ ತೂಕ ಬರೆದಿಡಿ, ಚಿನ್ನದ ಅಂಗಡಿ ತಕ್ಕಡಿ ಆದರೆ ಒಳ್ಳೇದು. ಅಡುಗೆಗೆ ಬಳಸದ ಹಳೇ ಕುಕ್ಕರ್‌ನ ತಳಕ್ಕೆ ಎಂದಿನಂತೆ ನೀರು ಹಾಕಿ, ಒಳಗೆ ಸಣ್ಣ ಪಾತ್ರೆ ಇಟ್ಟು, ಆ ಪಾತ್ರೆಯಲ್ಲಿ ಗೂಡು ಮುಳುಗೋಷ್ಟೇ ನೀರು ಹಾಕಿ ಅರ್ಧ ಗಂಟೆ ಬೇಯಿಸಿ. ತೆರೆದ ಪಾತ್ರೆಯಲ್ಲಿ 97ಕ್ಕೆ ನಿಲ್ಲೋ ನೀರು ಕುಕ್ಕರ್ ಒತ್ತಡದಲ್ಲಿ 120ರ ಹತ್ತಿರ ಹೋಗುತ್ತೆ. ಪಾಠದಲ್ಲಿರೋ ಒತ್ತಡ ಮತ್ತು ಕುದಿಬಿಂದುವಿನ ಭಾಗಕ್ಕೂ ಇದೇ ಉದಾಹರಣೆ ಆಯ್ತು. ಪ್ರೆಶರ್ ಪೂರ್ತಿ ಇಳಿದ ಮೇಲೆ ದೊಡ್ಡವರೇ ಮುಚ್ಚಳ ತೆಗೀಬೇಕು. ಗೂಡು ಹಿಂಡಿ ತೆಗೆದು, ಆ ನೀರನ್ನ ಗಾಜಿನ ಲೋಟದಲ್ಲಿ ಆರೋಕೆ ಬಿಡಿ. ನೀರು ಕಮ್ಮಿ ಇಟ್ಟಿದ್ದರೆ ಅದು ಲೋಳೆಯಾಗಿ ಹೆಪ್ಪುಗಟ್ಟುತ್ತೆ, ಬಿಸಿನೀರಲ್ಲಿ ಲೋಟ ಇಟ್ಟರೆ ಮತ್ತೆ ತೆಳ್ಳಗಾಗುತ್ತೆ. ಅದು ಸೆರಿಸಿನ್. ಹೆಪ್ಪುಗಟ್ಟದೆ ಇದ್ದರೆ ಇನ್ನಷ್ಟು ಹೊತ್ತು ಕುದಿಸಿ ನೀರು ಇಂಗಿಸಿ ನೋಡಿ.

ಉಳಿದ ಗೂಡನ್ನ ತೊಳೆದು ಒಣಗಿಸಿ ತೂಗಿ. ಅಂಟೆಲ್ಲ ಬಿಟ್ಟಿದ್ದರೆ ತೂಕ ಸುಮಾರು ಕಾಲು ಭಾಗ ಇಳಿದಿರುತ್ತೆ. ಕೈಗೆ ಹತ್ತಿ ಸಿಕ್ಕ ಹಾಗಿರುತ್ತೆ, ಗೂಡಿನ ಬಿರುಸು ಹೋಗಿರುತ್ತೆ. ಅದನ್ನ ಎಷ್ಟು ಕುದಿಸಿದರೂ ಲೋಳೆ ಬರಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ಹಣ್ಣಾದ ಹುಳು ಇರೋ ಒಂದು ಚಂದ್ರಿಕೆ ತುಂಡನ್ನೂ ಮೇಜಿನ ಮೇಲೆ ಇಡಲಿ. ಪ್ರದರ್ಶನದ ದಿನ ನಿಮ್ಮ ಬೆಳೆಗೆ ಹೊಂದದೆ ಇದ್ದರೆ ಇಲ್ಲೇ ಬರೀರಿ, ಅಕ್ಕಪಕ್ಕದ ಊರಲ್ಲಿ ಯಾರ ಮನೆ ಹುಳು ಹಣ್ಣಾಗಿದೆ ಅಂತ ವಿಚಾರಿಸಿ ತಿಳಿಸ್ತೀನಿ.