ರಾಯಚೂರಿನ ಲಿಂಗಾನುಪಾತ ಸಾವಿರ: ಜನಸಂಖ್ಯೆಯ ಅಳತೆಗಳನ್ನು ಓದುವುದು ಹೇಗೆ?

ಪ್ರಶ್ನೆ | ಸಿಂಧನೂರಿನ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರ ಎಂ.ಎ. ಅಂತಿಮ ವರ್ಷದಲ್ಲಿದ್ದು, ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಜನಸಂಖ್ಯೆಯ ಸ್ವರೂಪವನ್ನು ಕುರಿತು ಕಿರುಪ್ರಬಂಧ ಬರೆಯುತ್ತಿದ್ದೇನೆ. ಜನನ ದರ, ಮರಣ ದರ, ಲಿಂಗಾನುಪಾತ, ಫಲವಂತಿಕೆ ದರ ಇವುಗಳ ವ್ಯಾಖ್ಯೆಗಳು ಬಾಯಿಪಾಠವಾಗಿವೆಯಾದರೂ, ನಿಜವಾದ ಅಂಕಿಗಳನ್ನು ಎದುರಿಗಿಟ್ಟುಕೊಂಡು ಕುಳಿತಾಗ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಮೊದಲನೆಯ ತೊಡಕು ಲಿಂಗಾನುಪಾತದ್ದು. 2011ರ ಜನಗಣತಿಯ ಪ್ರಕಾರ ಸಾವಿರ ಪುರುಷರಿಗೆ ರಾಜ್ಯದಲ್ಲಿ 973, ಬಳ್ಳಾರಿಯಲ್ಲಿ 983, ಕೊಪ್ಪಳದಲ್ಲಿ 986 ಮಹಿಳೆಯರಿದ್ದರೆ ರಾಯಚೂರಿನಲ್ಲಿ ಸರಿಯಾಗಿ 1000 ಮಹಿಳೆಯರಿದ್ದಾರೆ. ಆದರೆ ಅದೇ ರಾಯಚೂರಿನಲ್ಲಿ ಆರು ವರ್ಷದೊಳಗಿನ ಮಕ್ಕಳ ಲಿಂಗಾನುಪಾತ 950ರ ಆಸುಪಾಸಿನಲ್ಲಿದೆ. ಸಾಕ್ಷರತೆ ಶೇ. 59.56 ಇದ್ದ ಜಿಲ್ಲೆಯಲ್ಲಿ ಸಾವಿರದ ಅಂಕಿಯನ್ನು ಮಹಿಳೆಯರ ಉತ್ತಮ ಸ್ಥಿತಿಗೆ ಸಾಕ್ಷಿಯೆಂದು ಬರೆಯಬಹುದೇ?

ಎರಡನೆಯದಾಗಿ, 2020ರ ಮಾದರಿ ನೋಂದಣಿ (ಆಯ್ದ ಊರುಗಳ ಜನನ ಮರಣಗಳಿಂದ ದರಗಳನ್ನು ಅಂದಾಜಿಸುವ ಎಸ್‌ಆರ್‌ಎಸ್) ವರದಿಯಲ್ಲಿ ಕೇರಳದ ಮರಣ ದರ ಸಾವಿರಕ್ಕೆ 7.0, ಬಿಹಾರದ್ದು 5.4. ಇದನ್ನು ನಂಬುವುದು ಹೇಗೆ? ಮೂರನೆಯದಾಗಿ, ಕರ್ನಾಟಕದ ಒಟ್ಟು ಫಲವಂತಿಕೆ ದರ 1.7ಕ್ಕೆ ಇಳಿದಿದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಿದ್ದೂ ಜನಸಂಖ್ಯೆ ಏರುತ್ತಿರುವುದೇಕೆ? ಕೊನೆಯದಾಗಿ, ಜನನ ನೋಂದಣಿಯ ಅಂಕಿಗಳಿಂದ ತಾಲ್ಲೂಕುವಾರು ಜನನ ದರವನ್ನು ನಾನೇ ಲೆಕ್ಕ ಹಾಕಬೇಕೆಂದಿದ್ದೇನೆ. ಅದು ಸರಿಯಾದ ದಾರಿಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ | ನಿವೃತ್ತ ಸಾಂಖ್ಯಿಕ ಅಧಿಕಾರಿ, ರಾಯಚೂರು

ನಿಮ್ಮ ನಾಲ್ಕೂ ಸಂದೇಹಗಳ ಬೇರು ಒಂದೇ ಕಡೆ ಇದೆ. ಯಾವುದೇ ದರವನ್ನು ಕಂಡಾಗ ಅದರ ಛೇದದಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ಮೊದಲು ವಿಚಾರಿಸಬೇಕು. ಅಂಶವನ್ನು ಎಲ್ಲರೂ ಎಣಿಸುತ್ತಾರೆ, ಛೇದವನ್ನು ಯಾರೂ ತಿರುಗಿ ನೋಡುವುದಿಲ್ಲ.

ಲಿಂಗಾನುಪಾತವನ್ನೇ ತೆಗೆದುಕೊಳ್ಳಿ. 2011ರಲ್ಲಿ ರಾಯಚೂರು ಜಿಲ್ಲೆಯ 19,28,812 ಜನರ ಪೈಕಿ ಪುರುಷರು 9,64,511, ಮಹಿಳೆಯರು 9,64,301. ವ್ಯತ್ಯಾಸ ಕೇವಲ 210. ಇನ್ನು ಹುಟ್ಟಿನ ವಿಷಯ. ಯಾರೂ ಕೈಹಾಕದೆ ಇದ್ದಾಗಲೂ ನೂರು ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುವುದು ಪ್ರಕೃತಿಯ ಕ್ರಮ. ನಮ್ಮ ದೇಶದ ರೂಢಿಯಂತೆ ಹೇಳಿದರೆ ಸಾವಿರ ಗಂಡುಮಕ್ಕಳಿಗೆ 950ರಷ್ಟು ಹೆಣ್ಣುಮಕ್ಕಳು. ಆದ್ದರಿಂದ ಮಕ್ಕಳ ಲಿಂಗಾನುಪಾತ 950ರ ಹತ್ತಿರವಿದ್ದರೆ ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ದೇಶದ ಸರಾಸರಿ ಆಗ 918ರಷ್ಟಿತ್ತು, ಗಾಬರಿ ಹುಟ್ಟಿಸಬೇಕಾದ ಅಂಕಿ ಅದು.

ಹಾಗಾದರೆ 950ರಿಂದ ಹೊರಟ ಅನುಪಾತ ಒಟ್ಟು ಜನಸಂಖ್ಯೆಯಲ್ಲಿ 1000ಕ್ಕೆ ಬಂದು ನಿಂತಿದ್ದು ಹೇಗೆ? ಒಂದು ಕಾರಣ ಎಲ್ಲೆಡೆ ಇರುವಂಥದ್ದು: ವಯಸ್ಸು ಏರಿದಂತೆ ಪುರುಷರ ಮರಣ ಹೆಚ್ಚು, ಆದ್ದರಿಂದ ಅರವತ್ತು ದಾಟಿದವರಲ್ಲಿ ಮಹಿಳೆಯರ ಪಾಲು ದೊಡ್ಡದು. ಇನ್ನೊಂದು ನಮ್ಮ ಭಾಗದ್ದೇ ಆದ ಗುಳೆ, ಅಂದರೆ ಕೂಲಿ ಅರಸಿ ಹೋಗುವ ಹಂಗಾಮಿ ವಲಸೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಿಂದ ಮುಂಗಾರಿನ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಗೋವಾಗಳ ಕಟ್ಟಡ ಕೆಲಸಕ್ಕೆ ಹೊರಟವರು ಹಿಂದಿರುಗುವುದು ಯುಗಾದಿಗೋ ಮೊದಲ ಮಳೆಗೋ. ಜನಗಣತಿ ನಡೆದದ್ದು 2011ರ ಫೆಬ್ರವರಿ 9ರಿಂದ 28ರವರೆಗೆ, ಅಂದರೆ ಸರಿಯಾಗಿ ಗುಳೆಯ ಕಾಲದಲ್ಲಿ. ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಅವರು ಸಿಕ್ಕ ಸ್ಥಳದಲ್ಲಿ ಎಣಿಸಬೇಕೆಂಬುದು ನಿಯಮವಾದ್ದರಿಂದ, ಅಂಥವರು ಮನೆಯ ಪಟ್ಟಿಯಿಂದ ಹೊರಗುಳಿಯುತ್ತಾರೆ.

ಇದರ ಪರಿಣಾಮವನ್ನು ಅಂದಾಜಿಸಲು ಒಂದು ಲೆಕ್ಕ ಮಾಡಿ ನೋಡಿ. ಜಿಲ್ಲೆಯಿಂದ ಹೊರಗಿದ್ದ ಪುರುಷರ ಸಂಖ್ಯೆ ಮಹಿಳೆಯರಿಗಿಂತ ಹತ್ತು ಸಾವಿರ ಹೆಚ್ಚಿತ್ತೆಂದು ಭಾವಿಸಿ, ಅಷ್ಟನ್ನು ಪುರುಷರ ಲೆಕ್ಕಕ್ಕೆ ಮರಳಿ ಸೇರಿಸಿದರೆ ಅನುಪಾತ 1000ದಿಂದ 990ಕ್ಕೆ ಇಳಿಯುತ್ತದೆ. ಹತ್ತೊಂಬತ್ತು ಲಕ್ಷದ ಜಿಲ್ಲೆಯಲ್ಲಿ ಹತ್ತು ಸಾವಿರ ಜನರ ಓಡಾಟ ಇಷ್ಟು ಮಾಡಬಲ್ಲದು. (ಹತ್ತು ಸಾವಿರ ಎಂಬುದು ಲೆಕ್ಕಕ್ಕಾಗಿ ಹಿಡಿದದ್ದು, ಪ್ರಬಂಧದಲ್ಲಿ ಉಲ್ಲೇಖಿಸಬೇಡಿ.) ಆದಕಾರಣ ಸಾವಿರದ ಅಂಕಿಯನ್ನು ಮಹಿಳೆಯರ ಸ್ಥಾನಮಾನದ ಸಾಕ್ಷಿಯೆಂದು ಬರೆಯುವುದು ನನ್ನ ಅಭಿಪ್ರಾಯದಲ್ಲಿ ತಪ್ಪು. ಇದಕ್ಕೆ ವ್ಯತಿರಿಕ್ತವಾಗಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂತಹ ಉದ್ಯಮಗಳು ಹೊರಗಿನ ಪುರುಷ ಕಾರ್ಮಿಕರನ್ನು ಸೆಳೆಯುವುದರಿಂದ, ಅಂತಹ ಕಡೆ ಅನುಪಾತ ಕೆಳಗೆ ಬಂದರೂ ಅಲ್ಲಿನ ಹೆಣ್ಣುಮಕ್ಕಳ ಸ್ಥಿತಿ ಕೆಟ್ಟಿದೆ ಎಂದು ಹೇಳಲಾಗದು.

ಬೆಳವಣಿಗೆ ದರವನ್ನು ನೀವು ಕೇಳಿಲ್ಲ, ಆದರೂ ಪ್ರತಿ ಪ್ರಬಂಧದಲ್ಲೂ ಕಾಣುವ ದೋಷವಾದ್ದರಿಂದ ಹೇಳಿಬಿಡುತ್ತೇನೆ. ರಾಯಚೂರು 2001ರ 16,69,762ರಿಂದ ಬೆಳೆದದ್ದು ದಶಕಕ್ಕೆ ಶೇ. 15.5. ಅದನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ. 1.55 ಎಂದು ಬರೆಯಬಾರದು. ಜನಸಂಖ್ಯೆ ಚಕ್ರಬಡ್ಡಿಯಂತೆ ಬೆಳೆಯುವುದರಿಂದ ವಾರ್ಷಿಕ ದರ ಶೇ. 1.45ರಷ್ಟಾಗುತ್ತದೆ, ಆ ವೇಗ ಹಾಗೆಯೇ ಮುಂದುವರಿದರೆ ಎರಡರಷ್ಟಾಗಲು ಸುಮಾರು 48 ವರ್ಷ ಬೇಕು.

ಉತ್ತರ | ಅರ್ಥಶಾಸ್ತ್ರ ಉಪನ್ಯಾಸಕ, ಗಂಗಾವತಿ

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ನಮ್ಮ ಭಾಗದ ಗುಳೆಯಲ್ಲಿ ಗಂಡಸರು ಮಾತ್ರ ಹೋಗುವುದಿಲ್ಲ. ಗಂಡ, ಹೆಂಡತಿ, ಸಣ್ಣ ಮಕ್ಕಳು ಒಟ್ಟಾಗಿ ಹೊರಟು, ಮನೆಯಲ್ಲಿ ವೃದ್ಧರು ಮತ್ತು ಶಾಲೆಗೆ ಹೋಗುವ ಮಕ್ಕಳು ಉಳಿಯುವುದೇ ಹೆಚ್ಚು. ಹಾಗಿರುವಾಗ ಗುಳೆಯಿಂದ ಹೆಚ್ಚು ಏರುಪೇರಾಗುವುದು ಲಿಂಗಾನುಪಾತವಲ್ಲ, ಅವಲಂಬನೆ ಅನುಪಾತ. ಹದಿನೈದರಿಂದ 59ರ ವಯಸ್ಸಿನ ದುಡಿಯುವ ನೂರು ಜನರಿಗೆ ಮಕ್ಕಳು ಮತ್ತು ವೃದ್ಧರು ಎಷ್ಟು ಎಂಬುದು ಆ ಅಳತೆ. ದುಡಿಯುವವರೇ ಊರಲ್ಲಿಲ್ಲದ ತಿಂಗಳಲ್ಲಿ ಎಣಿಸಿದರೆ ಅದು ವಾಸ್ತವಕ್ಕಿಂತ ಭಾರವಾಗಿ ಕಾಣುತ್ತದೆ. ಯಾರ ಊಹೆ ಸರಿ ಎಂಬುದನ್ನು ವಿದ್ಯಾರ್ಥಿಯೇ ಪರೀಕ್ಷಿಸಬಹುದು. ಜನಗಣತಿಯ ಸಿ-14 ಕೋಷ್ಟಕದಲ್ಲಿ ಐದೈದು ವರ್ಷದ ವಯೋಗುಂಪುಗಳ ಲೆಕ್ಕವಿದೆ. ಇಪ್ಪತ್ತರಿಂದ 39ರ ಗುಂಪುಗಳಲ್ಲಿ ಅನುಪಾತ ದಿಢೀರನೆ ಮೇಲೇರಿದ್ದರೆ ಪುರುಷರ ವಲಸೆ, ಅರವತ್ತರ ನಂತರವಷ್ಟೇ ಏರಿದ್ದರೆ ಮರಣದ ವ್ಯತ್ಯಾಸ.

ಇನ್ನು ಕೇರಳ ಮತ್ತು ಬಿಹಾರ. ಸ್ಥೂಲ ಮರಣ ದರ ಇಡೀ ಜನಸಂಖ್ಯೆಯನ್ನು ಛೇದವಾಗಿ ಇಟ್ಟುಕೊಳ್ಳುವುದರಿಂದ ಅಲ್ಲಿ ಎಷ್ಟು ಮುದುಕರಿದ್ದಾರೆ ಎಂಬುದನ್ನೇ ಅರ್ಧ ಹೇಳುತ್ತದೆ. ಕಾಲ್ಪನಿಕವಾಗಿ ಸಾವಿರ ಜನರ ಎರಡು ಊರುಗಳನ್ನು ಊಹಿಸಿ. ಮೊದಲ ಊರಿನಲ್ಲಿ 200 ವೃದ್ಧರಿದ್ದು, ವೃದ್ಧರಲ್ಲಿ ಸಾವಿರಕ್ಕೆ 40, ಉಳಿದವರಲ್ಲಿ ಸಾವಿರಕ್ಕೆ 3 ಸಾವು. ಎರಡನೆಯ ಊರಿನಲ್ಲಿ ವೃದ್ಧರು 60 ಮಾತ್ರ, ಆದರೆ ಅವರಲ್ಲಿ ಸಾವಿರಕ್ಕೆ 60, ಉಳಿದವರಲ್ಲಿ 4. ಎರಡೂ ಗುಂಪುಗಳಲ್ಲಿ ಎರಡನೆಯ ಊರೇ ಕೆಟ್ಟದ್ದು. ಆದರೂ ಗುಣಿಸಿ ಕೂಡಿದರೆ ಮೊದಲ ಊರಿನ ಮರಣ ದರ 10.4, ಎರಡನೆಯದರದ್ದು 7.4. ಕೇರಳದ ಕಥೆ ಇಷ್ಟೇ. ಅದೇ ವರದಿಯಲ್ಲಿ ಕೇರಳದ ಶಿಶು ಮರಣ ದರ (ಸಾವಿರ ಜೀವಂತ ಜನನಗಳಿಗೆ ವರ್ಷ ತುಂಬುವ ಮೊದಲೇ ತೀರಿಕೊಂಡ ಶಿಶುಗಳು) 6, ಬಿಹಾರದ್ದು 27 ಎಂಬುದನ್ನು ಪಕ್ಕದಲ್ಲಿಡಿ. ಶಿಶು ಮರಣ ದರದ ಛೇದ ಜೀವಂತ ಜನನಗಳು ಮಾತ್ರವಾದ್ದರಿಂದ ವೃದ್ಧರ ಸಂಖ್ಯೆ ಅದನ್ನು ಮುಟ್ಟುವುದಿಲ್ಲ. ಜೀವಿತಾವಧಿಯ ನಿರೀಕ್ಷೆಯೂ ಅಷ್ಟೇ, ವಯೋರಚನೆಯ ಹಂಗಿಲ್ಲದ ಅಳತೆ. ಎರಡು ಪ್ರದೇಶಗಳನ್ನು ಹೋಲಿಸಲೇಬೇಕೆಂದಿದ್ದರೆ ಅವೆರಡರ ವಯೋವಾರು ದರಗಳನ್ನು ಒಂದೇ ಪ್ರಮಾಣಿತ ಜನಸಂಖ್ಯೆಗೆ, ಅಂದರೆ ಎರಡಕ್ಕೂ ಸಮಾನವೆಂದು ಹಿಡಿದ ವಯೋರಚನೆಗೆ, ಅನ್ವಯಿಸಿ ನೋಡಬೇಕು.

ಫಲವಂತಿಕೆಯ ಪ್ರಶ್ನೆಗೂ ಉತ್ತರ ವಯೋರಚನೆಯಲ್ಲೇ ಇದೆ. ಹದಿನೈದರಿಂದ 49ರವರೆಗಿನ ಏಳು ವಯೋಗುಂಪುಗಳ ಜನನ ದರಗಳನ್ನು ಕೂಡಿಸಿ ಐದರಿಂದ ಗುಣಿಸಿದರೆ ಒಟ್ಟು ಫಲವಂತಿಕೆ ದರ ಸಿಗುತ್ತದೆ. ಈ ವರ್ಷದ ದರಗಳೇ ತನ್ನ ಆಯುಷ್ಯಪೂರ್ತಿ ಉಳಿದರೆ ಒಬ್ಬ ಮಹಿಳೆ ಹೆರಬಹುದಾದ ಮಕ್ಕಳ ಸಂಖ್ಯೆ ಅದು. 2.1 ಇದ್ದರೆ ಒಂದು ತಲೆಮಾರು ತನ್ನ ಸ್ಥಾನವನ್ನು ತುಂಬಿಕೊಳ್ಳುತ್ತದೆ. ಆದರೆ ದರ ಹೆಚ್ಚಿದ್ದ ಕಾಲದಲ್ಲಿ ಹುಟ್ಟಿದ ದೊಡ್ಡ ತಲೆಮಾರು ಈಗ ಹೆರುವ ವಯಸ್ಸಿನಲ್ಲಿದೆ. ತಲೆಗೆ ಇಬ್ಬರಿಗಿಂತ ಕಡಿಮೆ ಮಕ್ಕಳಾದರೂ ತಾಯಂದಿರೇ ಲಕ್ಷಗಟ್ಟಲೆ ಇರುವುದರಿಂದ ಜನನಗಳು ಮರಣಗಳನ್ನು ಮೀರುತ್ತವೆ. ಈ ಆವೇಗ ಇಳಿಯಲು ದಶಕಗಳು ಬೇಕು. ಅಲ್ಲದೆ 1.7 ಎಂಬುದು ಇಡೀ ರಾಜ್ಯದ ಸರಾಸರಿ. ಅದನ್ನು ಹಾಗೆಯೇ ಯಲಬುರ್ಗಾಕ್ಕೋ ಮಾನ್ವಿಗೋ ಹಚ್ಚಬೇಡಿ.

ಉತ್ತರ | ಆರೋಗ್ಯ ಇಲಾಖೆಯ ಉದ್ಯೋಗಿ, ಕೊಪ್ಪಳ

ನೋಂದಣಿಯ ಅಂಕಿಗಳಿಂದ ತಾಲ್ಲೂಕಿನ ಜನನ ದರ ತೆಗೆಯುವ ವಿಚಾರಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆ ರಿಜಿಸ್ಟರುಗಳು ನನ್ನ ಮೇಜಿನ ಮೇಲೇ ಇರುತ್ತವೆ.

1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ, 21 ದಿನಗಳೊಳಗೆ ನೋಂದಣಿಯಾಗಬೇಕು. ತಾಯಿ ಎಲ್ಲಿ ವಾಸಿಸುತ್ತಾಳೆ ಎಂಬುದು ನೋಂದಣಿಯ ಸ್ಥಳವನ್ನು ನಿರ್ಧರಿಸುವುದಿಲ್ಲ. ಬಳ್ಳಾರಿಯ ದೊಡ್ಡ ಆಸ್ಪತ್ರೆಗಳಿಗೆ ಸಿರುಗುಪ್ಪ, ಸಂಡೂರು, ಗಂಗಾವತಿಗಳಿಂದಲ್ಲದೆ ಗಡಿಯಾಚೆಯ ಆಂಧ್ರದ ಊರುಗಳಿಂದಲೂ ತೊಡಕಿನ ಹೆರಿಗೆಗಳು ಬರುತ್ತವೆ. ಅವೆಲ್ಲವನ್ನೂ ಬಳ್ಳಾರಿ ನಗರದ ಜನಸಂಖ್ಯೆಯಿಂದ ಭಾಗಿಸಿದರೆ ನಗರದ ಜನನ ದರ ಆಕಾಶಕ್ಕೇರಿ, ಸುತ್ತಲಿನ ತಾಲ್ಲೂಕುಗಳಲ್ಲಿ ಮಕ್ಕಳೇ ಹುಟ್ಟುತ್ತಿಲ್ಲವೇನೋ ಎಂಬಂತಾಗುತ್ತದೆ. ಮರಣ ದರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇದರ ಮೇಲೆ ತವರುಮನೆಯ ಪದ್ಧತಿ ಬೇರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿರುವುದರಿಂದ, ಕಾರಟಗಿಯ ಸೊಸೆಯ ಮಗು ಕುಷ್ಟಗಿಯಲ್ಲಿ ನೋಂದಣಿಯಾಗುತ್ತದೆ, ಕುಷ್ಟಗಿಯ ಸೊಸೆಯದು ಗಜೇಂದ್ರಗಡದಲ್ಲಿ. ಜನನ ವರದಿಯ ನಮೂನೆಯ ಸಾಂಖ್ಯಿಕ ಭಾಗದಲ್ಲಿ ತಾಯಿಯ ವಾಸಸ್ಥಳದ ಕಾಲಂ ಇದೆ. ಅದನ್ನು ಆಧರಿಸಿ ಮರುವಿಂಗಡಣೆ ಮಾಡಿದರೆ ಮಾತ್ರ ನಿಮ್ಮ ಲೆಕ್ಕಕ್ಕೆ ಅರ್ಥ ಬರುತ್ತದೆ. ತಾಯಿಯ ಹೆಸರಿನ ಮುಂದೆ ತವರಿನ ವಿಳಾಸವನ್ನೇ ಬರೆಸುವವರೂ ಇದ್ದಾರೆ, ಆದ್ದರಿಂದ ತಾಯಿ ಕಾರ್ಡಿನೊಂದಿಗೆ (ಗರ್ಭಿಣಿಯರಿಗೆ ಆರೋಗ್ಯ ಇಲಾಖೆ ಕೊಡುವ ದಾಖಲೆ ಪುಸ್ತಕ) ತಾಳೆ ನೋಡುವುದು ಒಳ್ಳೆಯದು.

ಇನ್ನೊಂದು ವಿನಂತಿ. ಗ್ರಾಮ ಮಟ್ಟದಲ್ಲಿ ಶಿಶು ಮರಣ ದರ ಕಟ್ಟಲು ಹೋಗಬೇಡಿ. ವರ್ಷಕ್ಕೆ 35 ಹೆರಿಗೆಯಾಗುವ ಊರಿನಲ್ಲಿ ಒಂದು ಶಿಶು ತೀರಿಕೊಂಡರೆ ದರ ಸಾವಿರಕ್ಕೆ 29, ತೀರಿಕೊಳ್ಳದಿದ್ದರೆ ಸೊನ್ನೆ. ಇಂತಹ ಅಂಕಿಯನ್ನು ಸಭೆಯಲ್ಲಿ ಓದಿ ಆಶಾ ಕಾರ್ಯಕರ್ತೆಯನ್ನು ನಿಲ್ಲಿಸಿ ಕೇಳುವುದನ್ನು ನೋಡಿದ್ದೇನೆ. ಅದು ನ್ಯಾಯವಲ್ಲ. ಹಲವು ವರ್ಷಗಳ ಅಥವಾ ಇಡೀ ತಾಲ್ಲೂಕಿನ ಅಂಕಿಗಳನ್ನು ಒಗ್ಗೂಡಿಸಿ.

ಪ್ರತಿಕ್ರಿಯೆ | ಸಿಂಧನೂರಿನ ವಿದ್ಯಾರ್ಥಿ

ಮೂವರಿಗೂ ಅನಂತ ಧನ್ಯವಾದಗಳು. ವಾಸಸ್ಥಳದ ಆಧಾರದ ಮೇಲೆ ಮರುವಿಂಗಡಣೆ ಮಾಡುತ್ತೇನೆ ಮೇಡಂ. ಆದರೆ ಛೇದಕ್ಕೆ ಯಾವ ಜನಸಂಖ್ಯೆಯನ್ನು ಬಳಸಲಿ? 2011ರದ್ದು ಹಳತಾಯಿತು, 2021ರ ಗಣತಿ ನಡೆಯಲೇ ಇಲ್ಲ.

ಉತ್ತರ | ನಿವೃತ್ತ ಸಾಂಖ್ಯಿಕ ಅಧಿಕಾರಿ, ರಾಯಚೂರು

ಮೊದಲಿಗೆ, ಉಪನ್ಯಾಸಕರ ಆಕ್ಷೇಪ ತೂಕದ್ದೇ. ಸಿ-14 ನೋಡದೆ ಇಬ್ಬರಲ್ಲಿ ಯಾರ ಮಾತನ್ನೂ ಪ್ರಬಂಧಕ್ಕೆ ಸೇರಿಸಬೇಡಿ.

ದರಗಳಿಗೆ ಬೇಕಾದದ್ದು ಆಯಾ ವರ್ಷದ ನಡುವಿನ, ಅಂದರೆ ಜುಲೈ 1ರ ಅಂದಾಜು ಜನಸಂಖ್ಯೆ. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1 ಎಂದು ನಿಗದಿಯಾಗಿದೆ. ಅಲ್ಲಿಯವರೆಗೆ ಎಲ್ಲರೂ ಪ್ರಕ್ಷೇಪಿತ ಅಂಕಿಗಳನ್ನೇ (ಹಿಂದಿನ ಗಣತಿಯಿಂದ ಮುಂದಕ್ಕೆ ಅಂದಾಜಿಸಿದವು) ಬಳಸಬೇಕು, ಮತ್ತು ಹಾಗೆ ಬಳಸಿದ್ದನ್ನು ಕೋಷ್ಟಕದ ಕೆಳಗೆ ನಮೂದಿಸಬೇಕು. ನಿಮಗೆ ಸಾಧ್ಯವಿದ್ದರೆ ದರಗಳನ್ನು 2011ರ ಸುತ್ತಲಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿ. ಛೇದ ಗಟ್ಟಿಯಾಗಿರುವುದು ಆಗ ಮಾತ್ರ.

ಗಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1991ರ ಗಣತಿಯ ರಾಯಚೂರಿನಲ್ಲಿ ಕೊಪ್ಪಳವೂ ಸೇರಿತ್ತು, ಏಕೆಂದರೆ ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 2011ರ ಬಳ್ಳಾರಿಯ 24,52,595 ಜನರಲ್ಲಿ ಇಂದಿನ ವಿಜಯನಗರ ಜಿಲ್ಲೆಯ ಬಹುಭಾಗ ಸೇರಿದೆ. ಆದರೆ ಈಗ ವಿಜಯನಗರದಲ್ಲಿರುವ ಹರಪನಹಳ್ಳಿ ಆಗ ದಾವಣಗೆರೆಯಲ್ಲಿತ್ತು. ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿನ ಭಾಗ, ಈಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರುಗಳು 2011ರ ತಾಲ್ಲೂಕು ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಇಂದಿನ ತಾಲ್ಲೂಕಿನ ಜನನಗಳನ್ನು ಅಂದಿನ ತಾಲ್ಲೂಕಿನ ಜನಸಂಖ್ಯೆಯಿಂದ ಭಾಗಿಸುವಂತಿಲ್ಲ. ಜನಗಣತಿಯ ಗ್ರಾಮವಾರು ಪಟ್ಟಿಯನ್ನು ತೆಗೆದು, ಪ್ರತಿ ಗ್ರಾಮವನ್ನೂ ಅದು ಈಗಿರುವ ತಾಲ್ಲೂಕಿಗೆ ಸೇರಿಸಿ, ಮೊತ್ತವನ್ನು ನೀವೇ ಕಟ್ಟಿಕೊಳ್ಳಬೇಕು. ಬೇಸರದ ಕೆಲಸ ನಿಜ. ಗ್ರಾಮದ ಸಂಕೇತ ಸಂಖ್ಯೆಯನ್ನು ಹಿಡಿದು ಹೋಗಿ, ಹೆಸರನ್ನು ಹಿಡಿದು ಹೋಗಬೇಡಿ. ಒಂದೇ ಹೆಸರಿನ ಹಳ್ಳಿಗಳು, ಕ್ಯಾಂಪುಗಳು ನಿಮ್ಮ ಸಿಂಧನೂರು ಕಡೆ ಎಷ್ಟಿವೆ ಎಂಬುದು ನಿಮಗೇ ಗೊತ್ತು.