ಸಹಾಯ ಬೇಕು: ಮಳೆಗಾಲದಲ್ಲಿ ಸೆಂಟ್ರಲ್ ಲೈನ್ ಡ್ರೆಸಿಂಗ್ ನಿಲ್ಲುತ್ತಿಲ್ಲ

ಕಾರವಾರ, ಕುಮಟಾ ಕಡೆ ಐಸಿಯುನಲ್ಲಿರುವ ಸಿಸ್ಟರ್, ಬ್ರದರ್‌ಗಳೇ, ಒಂದು ಸಲಹೆ ಬೇಕಿತ್ತು.

ಕುತ್ತಿಗೆಯ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಟ್ಯೂಬ್) ಮೇಲಿನ ಪಾರದರ್ಶಕ ಡ್ರೆಸಿಂಗ್ 7 ದಿನ ಇರಬೇಕಾದದ್ದು, ಈ ಸೆಕೆಗೆ ಎರಡೇ ದಿನಕ್ಕೆ ಅಂಚು ಏಳುತ್ತಿದೆ. ಎದ್ದ ಅಂಚಿಗೆ ಟೇಪ್ ಹಚ್ಚಿದರೆ ಒಳಗೆ ಬೆವರು ನಿಂತು, ಚರ್ಮದ ಬ್ಯಾಕ್ಟೀರಿಯಾ ಟ್ಯೂಬಿನ ಗುಂಟ ರಕ್ತಕ್ಕೆ ಇಳಿಯಬಹುದು. ಹಾಗಾಗಿ ಪ್ರತಿ ಸಲ ಪೂರ್ತಿ ಬದಲಿಸುತ್ತಿದ್ದೇವೆ. 70% ಆಲ್ಕೋಹಾಲ್‌ನಲ್ಲಿರುವ 2% ಸೋಂಕುನಿವಾರಕ ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡ್ ಉಜ್ಜುತ್ತೇವೆ. ಇಲ್ಲಿಯ ಹವೆಗೆ ಅದು ಬೇಗ ಒಣಗುವುದಿಲ್ಲ. ಹಸಿ ಇರುವಾಗಲೇ ಅಂಟಿಸಿದರೆ ಚರ್ಮ ಕೆಂಪಾಗುತ್ತದೆ, ಅಂಟೂ ಹಿಡಿಯುವುದಿಲ್ಲ. (ಬಾಯಿಂದ ಊದಿ ಒಣಗಿಸುವ ಸಲಹೆ ದಯವಿಟ್ಟು ಬೇಡ!)

ಬೆವರುವ ರೋಗಿಗೆ ಗಾಜ್ (ತೆಳು ಹತ್ತಿಬಟ್ಟೆಯ ಪಟ್ಟಿ) ಹಾಕಿ 2 ದಿನಕ್ಕೊಮ್ಮೆ ಬದಲಿಸುವುದೇ ವಾಸಿಯಾ, ಇಲ್ಲಾ ಬ್ಯಾರಿಯರ್ ಫಿಲ್ಮ್ (ಚರ್ಮದ ಮೇಲೆ ತೆಳು ರಕ್ಷಣಾ ಪದರವಾಗಿ ಒಣಗುವ ದ್ರವ) ಹಚ್ಚಿ ಮೇಲೆ ಪಾರದರ್ಶಕದ್ದು ಹಾಕಿದರೆ ನಿಲ್ಲುತ್ತದಾ? ಫಿಲ್ಮ್ ಬಳಸಿದವರು ಲೈನ್ ಒಳಹೋಗುವ ಜಾಗದ ಸುತ್ತ ಎಷ್ಟು ಬಿಟ್ಟು ಹಚ್ಚುತ್ತೀರಿ ಎಂದೂ ತಿಳಿಸಿ.