ಮೊಬೈಲಿನವರು ಬೇರೆ, ಕ್ಯಾಮೆರಾದವರು ಬೇರೆ ಆಗಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಕರಾವಳಿಯ ಸಣ್ಣ ಊರೊಂದರಲ್ಲಿ ನಮ್ಮ ಹವ್ಯಾಸಿ ಛಾಯಾಗ್ರಾಹಕರ ಬಳಗವಿದೆ. ತಿಂಗಳಿಗೊಮ್ಮೆ ಸೇರಿ ಒಬ್ಬರ ಚಿತ್ರವನ್ನು ಇನ್ನೊಬ್ಬರು ವಿಮರ್ಶಿಸುತ್ತೇವೆ. ಈಚೆಗೆ ಮೊಬೈಲಿನಲ್ಲಿ ತೆಗೆಯುವವರು ಹೆಚ್ಚಾಗಿದ್ದಾರೆ. ಮೊಬೈಲ್, ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ), ಮಿರರ್‌ಲೆಸ್ (ಆ ಕನ್ನಡಿ ಇಲ್ಲದ್ದು) ಎಂದು ಬಳಗವನ್ನು ಮೂರು ಮಾಡೋಣ ಎನ್ನುತ್ತಾರೆ ಹಿರಿಯ ಸದಸ್ಯರು. ಇದು ಸರಿಯೇ? ಕಳೆದ ಸಭೆಗೆ ಬಂದ ಎರಡು ಚಿತ್ರಗಳನ್ನು ಹಾಕಿದ್ದೇನೆ. ಒಂದೇ ರಾತ್ರಿ, ಯಕ್ಷಗಾನದ ಚೌಕಿಯಲ್ಲಿ (ಕಲಾವಿದರು ವೇಷ ಕಟ್ಟುವ ಜಾಗ) ತೆಗೆದವು.

ಉತ್ತರ (ವೃತ್ತಿಪರ ಛಾಯಾಗ್ರಾಹಕ): ಖಂಡಿತ ಒಡೆಯಬೇಡಿ. ನೀವು ಹಾಕಿದ ಚಿತ್ರಗಳೇ ಅದಕ್ಕೆ ಕಾರಣ ಹೇಳುತ್ತವೆ.

ಎರಡರಲ್ಲೂ ಕಲಾವಿದರು ಕನ್ನಡಿಯ ಮುಂದೆ ಕುಳಿತು ಕೆನ್ನೆಗೆ ಚುಟ್ಟಿ (ವೇಷದ ಉಬ್ಬು ಚುಕ್ಕೆ) ಇಡುತ್ತಿದ್ದಾರೆ. ಕ್ಯಾಮೆರಾದ್ದು 50 ಮಿ.ಮೀ. ಲೆನ್ಸ್, ಎಫ್ 1.8, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದಿದೆ. ಕಣ್ಣು ಚೂಪಾಗಿದೆ, ಹಿಂದೆ ಜೋಡಿಸಿಟ್ಟ ಕಿರೀಟಗಳು ಕರಗಿ ಹೋಗಿವೆ. ಮೊಬೈಲಿನ ಸೆನ್ಸರ್ (ಬೆಳಕನ್ನು ಹಿಡಿಯುವ ಫಲಕ) ಬೆರಳಿನ ಉಗುರಿನಷ್ಟು; ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರಿನ ಕ್ಯಾಮೆರಾದ್ದು 36×24 ಮಿ.ಮೀ. ಸೆನ್ಸರ್ ಚಿಕ್ಕದಾದರೆ ಹಿನ್ನೆಲೆ ಮಸುಕಾಗುವುದು ಕಡಿಮೆ. ಹಾಗಾಗಿ ಮೊಬೈಲಿನ ಚಿತ್ರದಲ್ಲಿ ಕಿರೀಟ, ಪೆಟ್ಟಿಗೆ, ಗೆಜ್ಜೆ ಎಲ್ಲವೂ ಸ್ಪಷ್ಟ. ಚುಟ್ಟಿಯ ಒರಟು ಮಾತ್ರ ನುಣುಪಾಗಿ ಹೋಗಿದೆ. ಮಂದ ಬೆಳಕಿನಲ್ಲಿ ಮೊಬೈಲು ಹಲವು ಚಿತ್ರಗಳನ್ನು ಕೂಡಿಸಿ ಕಾಳುಕಾಳಾದ ಕಲೆಗಳನ್ನು (ನಾಯ್ಸ್) ಅಳಿಸುತ್ತದೆ, ಅದರ ಜೊತೆಗೆ ಸಣ್ಣ ವಿವರವೂ ಹೋಗುತ್ತದೆ. ಆದರೂ ಚೌಕಿ ಎಂದರೇನು ಎಂದು ಹೇಳುವುದು ಮೊಬೈಲಿನ ಚಿತ್ರವೇ. ನನಗೆ ಹೆಚ್ಚು ಹಿಡಿಸಿದ್ದೂ ಅದೇ.

ಇನ್ನು ತಪ್ಪಿನ ಮಾತು. ಎರಡರಲ್ಲೂ ಕನ್ನಡಿಯೊಳಗಿನ ಬಲ್ಬು ಬೆಳ್ಳಗೆ ಸುಟ್ಟು ಹೋಗಿದೆ, ಕಣ್ಣು ಮುಖವನ್ನು ಬಿಟ್ಟು ಅಲ್ಲಿಗೇ ಓಡುತ್ತದೆ. ಇಬ್ಬರೂ ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಬಲ್ಬು ಕಲಾವಿದರ ತಲೆಯ ಹಿಂದೆ ಮರೆಯಾಗುತ್ತಿತ್ತು. ಈ ಪಾಠಕ್ಕೆ ಮೂರು ಬಳಗ ಬೇಕೇ? ಬೇರೆ ಬೇರೆ ಕೂತಿದ್ದರೆ ಇಬ್ಬರ ತಪ್ಪೂ ಒಂದೇ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ.

ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಬೇರೆ ಮಾಡುವುದಂತೂ ನನಗೆ ಅರ್ಥವೇ ಆಗುವುದಿಲ್ಲ. ನಡುವಿನ ಕನ್ನಡಿ ಹೋಯಿತು, ಸೆನ್ಸರಿನ ಅಳತೆ ಹಾಗೇ ಉಳಿಯಿತು. ಗುಂಪು ಮಾಡಲೇಬೇಕೆಂದರೆ ವಿಷಯದ ಮೇಲೆ ಮಾಡಿ. ಅಂತರರಾಷ್ಟ್ರೀಯ ಸಲೋನುಗಳ (ಛಾಯಾಚಿತ್ರ ಸ್ಪರ್ಧೆಗಳ) ಮುಖ್ಯ ವಿಭಾಗಗಳೂ ಏಕವರ್ಣ, ಬಣ್ಣ, ನಿಸರ್ಗ, ಪ್ರವಾಸ ಎಂದೇ ಇರುತ್ತವೆ. ಹಕ್ಕಿ ತೆಗೆಯುವವರು ಹೇಗೂ ಉದ್ದದ ಲೆನ್ಸಿನವರೇ ಆಗಿರುತ್ತಾರೆ, ಅವರು ತಾವಾಗಿಯೇ ಒಂದು ಕಡೆ ಸೇರುತ್ತಾರೆ.

ಸದಸ್ಯರೊಬ್ಬರು: ಸರ್, ನಮ್ಮ ವಾರ್ಷಿಕ ಪ್ರದರ್ಶನಕ್ಕೆ ದೊಡ್ಡ ಪ್ರಿಂಟ್ ಹಾಕುತ್ತೇವೆ. ಅಲ್ಲಿ ಮೊಬೈಲಿನವರಿಗೆ ಅನ್ಯಾಯವಾಗುವುದಿಲ್ಲವೇ?

ಉತ್ತರ: ಆಗುತ್ತದೆ. ಆದರೆ ಸರಿಮಾಡಬೇಕಾದದ್ದು ಪ್ರಿಂಟಿನ ಅಳತೆಯನ್ನು. 12 ಮೆಗಾಪಿಕ್ಸೆಲ್ ಎಂದರೆ ಸುಮಾರು 4000×3000 ಚುಕ್ಕೆ. ಇಂಚಿಗೆ 300ರಂತೆ ಹಿಡಿದರೆ 13×10 ಇಂಚು ಬರುತ್ತದೆ. ಎಲ್ಲರಿಗೂ 12×8 ಇಂಚು ಎಂದು ಗೊತ್ತುಮಾಡಿ. ಗೋಡೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು ವಿನಂತಿ: ವಿಮರ್ಶೆ ಮುಗಿಯುವವರೆಗೆ ಯಾವ ಕ್ಯಾಮೆರಾ ಎಂದು ಯಾರೂ ಕೇಳಬಾರದು. ಆ ಪ್ರಶ್ನೆ ಮೊದಲೇ ಬಂದರೆ ಮೊಬೈಲಿನ ಹುಡುಗಿಯೊಬ್ಬಳು ಮುಂದಿನ ತಿಂಗಳು ಚಿತ್ರವನ್ನೇ ತರುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ನೋವಾಗುತ್ತದೆ.

ಇನ್ನೊಬ್ಬರು: ಮೊಬೈಲಿನ ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಸುಕಾಗುವುದು ಕೃತಕವಲ್ಲವೇ? ಸ್ಪರ್ಧೆಯಲ್ಲಿ ಒಪ್ಪಬಹುದೇ?

ಉತ್ತರ: ಒಪ್ಪಬಹುದು, ಬಳಸಿದ್ದನ್ನು ಹೇಳಿದರೆ. ಕೂದಲಿನ ಅಂಚನ್ನು ನೋಡಿ, ಅಲ್ಲಿ ಕತ್ತರಿಸಿದಂತೆ ಕಂಡರೆ ಚಿತ್ರವಾಗಿಯೇ ಅದು ಸೋತಿದೆ. ನಿಸರ್ಗ ವಿಭಾಗದಲ್ಲಿ ಮಾತ್ರ ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ. ಅದು ಎಲ್ಲ ಕ್ಯಾಮೆರಾಕ್ಕೂ ಒಂದೇ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು ಸರ್. ಹಾಗಾದರೆ ಲೆನ್ಸು, ಅಡಾಪ್ಟರ್‌ಗಳ (ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಕೊಂಡಿ) ಚರ್ಚೆಯನ್ನು ಏನು ಮಾಡುವುದು? ಅದಕ್ಕೇ ಅರ್ಧ ಸಭೆ ಹೋಗುತ್ತದೆ, ಮೊಬೈಲಿನವರು ಸುಮ್ಮನೆ ಕೂತಿರುತ್ತಾರೆ.

ಉತ್ತರ: ಅದಕ್ಕೆ ಸಭೆಗೆ ಮುಂಚೆ ಅರ್ಧ ಗಂಟೆ ಬೇರೆಯಾಗಿ ಕೊಡಿ, ಬೇಕಾದವರು ಬೇಗ ಬರಲಿ. ಆ ಮಾತೂ ಮುಖ್ಯವೇ. ನಿಕಾನ್‌ನ ಹಳೆಯ ಎಫ್ ಮೌಂಟ್ (ಡಿಎಸ್‌ಎಲ್‌ಆರ್‌ಗೆ ಕೂರುವ) ಲೆನ್ಸುಗಳು ಅಡಾಪ್ಟರ್ ಹಾಕಿದರೆ ಝಡ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಕ್ಕೆ ಕೂರುತ್ತವೆ. ಆದರೆ ಲೆನ್ಸಿನೊಳಗೆ ಫೋಕಸ್ ಮಾಡುವ ಮೋಟಾರ್ ಇಲ್ಲದ, ಎಎಫ್-ಡಿ ಎಂಬ ಹಳೆಯ ಬಗೆಯಂಥವುಗಳಲ್ಲಿ ನಿಕಾನ್‌ನದೇ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಒಳ್ಳೆಯ ಲೆನ್ಸು ಕೆಟ್ಟಿತೆಂದು ಅಗ್ಗಕ್ಕೆ ಮಾರಿದವರಿದ್ದಾರೆ. ನಿಮ್ಮಲ್ಲಿ ಯಾರಾದರೂ ಮಾರುವ ಯೋಚನೆಯಲ್ಲಿದ್ದರೆ ಮೊದಲು ಅದರ ಮೇಲೆ ಬರೆದಿರುವ ಅಕ್ಷರಗಳ ಫೋಟೊ ಇಲ್ಲಿ ಹಾಕಲಿ, ನೋಡಿ ಹೇಳುತ್ತೇನೆ.